ಪಾರ್ಕಿನ ಕೊಳದ ಕೆಂಪುಕಿವಿ ಆಮೆಗಳನ್ನು ಯಾರು ವಾಪಸ್ ತಗೊಳ್ಳಬೇಕು?

ಪಾರ್ಕಿನ ಕೊಳದಲ್ಲಿ ಆಮೆ ಕಂಡರೆ ಒಂದು ನಿಮಿಷ ನಿಂತು ಅದರ ಕಣ್ಣಿನ ಹಿಂದೆ ನೋಡಿ. ಅಲ್ಲಿ ಕೆಂಪು ಪಟ್ಟಿ ಇದ್ದು, ಕತ್ತು ಕಾಲುಗಳ ಮೇಲೆ ಹಳದಿ ಗೆರೆಗಳಿದ್ದರೆ ಅದು ನಮ್ಮ ಕಡೆಯ ಆಮೆ ಅಲ್ಲ. ಅಮೆರಿಕದ ಮಿಸಿಸಿಪಿ ನದಿ ಬಯಲಿನ ರೆಡ್ ಇಯರ್ಡ್ ಸ್ಲೈಡರ್. ನಾನು ಇಲ್ಲಿ ಕೆಂಪುಕಿವಿ ಆಮೆ ಅಂತ ಬರೆಯುತ್ತೇನೆ. ಅದು ತಾನಾಗಿ ಬೆಂಗಳೂರಿಗೆ ಬಂದಿಲ್ಲ. ಯಾರೋ ದುಡ್ಡು ಕೊಟ್ಟು ತಂದಿದ್ದಾರೆ, ಒಂದಷ್ಟು ವರ್ಷ ಸಾಕಿದ್ದಾರೆ, ಆಮೇಲೆ ಒಂದು ಸಂಜೆ ಚೀಲದಲ್ಲಿ ತಂದು ನೀರಿಗೆ ಬಿಟ್ಟು ಹೋಗಿದ್ದಾರೆ.

ಹೀಗೆ ಬಿಟ್ಟು ಹೋಗುವುದನ್ನು ನಮ್ಮಲ್ಲಿ ಯಾರೂ ತಪ್ಪು ಅಂತ ನೋಡುವುದಿಲ್ಲ. ಪಾಪ, ಟಬ್ಬಿನಲ್ಲಿ ಕೊಳೀತಾ ಇತ್ತು, ಈಗ ಆರಾಮಾಗಿ ಇರುತ್ತೆ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಕೆಲವರು ದೇವಸ್ಥಾನದ ಕಲ್ಯಾಣಿಗೇ ತಂದು ಬಿಡುತ್ತಾರೆ, ಪುಣ್ಯ ಬರುತ್ತೆ ಅಂತ. ಈ ನಂಬಿಕೆ ಬದಲಾಗಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಬದಲಾಗಬೇಕಾದರೆ ಸುಮ್ನೆ ಬುದ್ಧಿ ಹೇಳಿದರೆ ಸಾಲದು. ಸಾಕಲು ಆಗದ ಆಮೆಯನ್ನು ಧೈರ್ಯವಾಗಿ ತಂದು ಕೊಡಲು ಈ ಊರಿನಲ್ಲಿ ಒಂದು ಜಾಗ ಬೇಕು. ನಾನು ಕೇಳುತ್ತಿರುವುದು ಮುಖ್ಯವಾಗಿ ಅದನ್ನೇ.

ಮೊದಲು ಇವು ಹೇಗೆ ಬರುತ್ತವೆ ಅನ್ನೋದನ್ನು ನೋಡೋಣ. ಅಕ್ವೇರಿಯಂ ಅಂಗಡಿಗಳಲ್ಲಿ ಮರಿಗಳನ್ನು ನೋಡಿರುತ್ತೀರಿ. ಎಲೆ ಹಸಿರು ಬಣ್ಣ, ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಸುಮಾರು 3 ಸೆಂಟಿಮೀಟರ್. ಜೊತೆಗೆ ಒಂದು ಪ್ಲಾಸ್ಟಿಕ್ ತೊಟ್ಟಿ. ಅದರ ನಡುವೆ ಪುಟ್ಟ ದ್ವೀಪ, ದ್ವೀಪದ ಮೇಲೆ ಪ್ಲಾಸ್ಟಿಕ್ ತೆಂಗಿನ ಮರ. ಮಕ್ಕಳು ಅಲ್ಲಿಂದ ಕದಲುವುದಿಲ್ಲ. "ಇದು ಇಷ್ಟೇ ಇರುತ್ತೆ ಸಾರ್, ಜಾಸ್ತಿ ಬೆಳೆಯಲ್ಲ. ದಿನಕ್ಕೆ ನಾಕು ಕಾಳು ಹಾಕಿದ್ರೆ ಸಾಕು" ಅಂತ ಅಂಗಡಿಯವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ಸರಿಯಾಗಿ ಸಾಕಿದರೆ ಈ ಆಮೆ ಒಂದು ಅಡಿಯ ಹತ್ತಿರಕ್ಕೆ ಬೆಳೆಯುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. 30 ವರ್ಷ ಬದುಕುವುದು ದೊಡ್ಡ ಮಾತೇನಲ್ಲ. ಎರಡನೇ ಕ್ಲಾಸಿನಲ್ಲಿ ಹಟ ಮಾಡಿ ಕೊಂಡ ಮಗು ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೊರಡುವ ಹೊತ್ತಿಗೆ ಆಮೆಗೆ ಇನ್ನೂ ಅರ್ಧ ಆಯಸ್ಸೂ ಕಳೆದಿರುವುದಿಲ್ಲ.

ಅಷ್ಟು ಬೆಳೆಯುವ ತನಕ ಉಳಿಯುವುದೂ ಕಡಿಮೆ. ಈ ಆಮೆಗೆ ನೇರ ಬಿಸಿಲು ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಸಾಲದು, ಯಾಕೆಂದರೆ ಅದಕ್ಕೆ ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆದುಬಿಡುತ್ತದೆ. ಆ ಕಿರಣ ಇಲ್ಲದಿದ್ದರೆ ಮೈಗೆ ಕ್ಯಾಲ್ಸಿಯಂ ಹತ್ತುವುದಿಲ್ಲ. ಚಿಪ್ಪು ಮೆತ್ತಗಾಗುತ್ತದೆ, ಸೊಟ್ಟ ಬೆಳೆಯುತ್ತದೆ. ಬರೀ ಒಣ ಕಾಳು ತಿಂದು ವಿಟಮಿನ್ ಎ ಕಡಿಮೆಯಾದರೆ ಕಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿಹೋಗುತ್ತದೆ. ಕಣ್ಣು ಕಾಣದ ಆಮೆ ಊಟ ಬಿಡುತ್ತದೆ. ಮನೆಯವರು "ಯಾಕೋ ಮಂಕಾಗಿದೆ" ಅಂದುಕೊಳ್ಳುತ್ತಾರೆ. ಸದ್ದಿಲ್ಲದ ಪ್ರಾಣಿ. ನಾಯಿ ಬೆಕ್ಕಿನ ಹಾಗೆ ನೋವನ್ನು ಕೂಗಿ ಹೇಳುವುದಿಲ್ಲ. ಆ ಪ್ಲಾಸ್ಟಿಕ್ ತೊಟ್ಟಿಯನ್ನು ಮಾರುವುದನ್ನೇ ಮೊದಲು ನಿಲ್ಲಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಅದರಲ್ಲಿ ಯಾವ ಆಮೆಯೂ ಸುಖವಾಗಿ ಬದುಕಲು ಸಾಧ್ಯವಿಲ್ಲ.

ಉಳಿದ ಆಮೆ ಬೆಳೆಯುತ್ತದೆ. ನೀರು ಬೇಗ ಗಲೀಜಾಗುತ್ತದೆ, ವಾಸನೆ ಬರುತ್ತದೆ. ಬಾಡಿಗೆ ಮನೆಯ ಓನರ್ ಗೊಣಗುತ್ತಾರೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಜಾಗವನ್ನು ಟಬ್ ಹಿಡಿದಿರುತ್ತದೆ. ವರ್ಗ ಆಗುತ್ತದೆ, ಮಗು ಹುಟ್ಟುತ್ತದೆ, ಯಾರೋ ಡಾಕ್ಟರು ಸಾಲ್ಮೊನೆಲ್ಲಾ, ಅಂದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ, ಅಂತ ಹೆದರಿಸುತ್ತಾರೆ. ಅದು ಬರೀ ಹೆದರಿಕೆಯೂ ಅಲ್ಲ. ಆಮೆ ಮುಟ್ಟಿದ ಕೈಯನ್ನು ಬಾಯಿಗೆ ಹಾಕಿಕೊಂಡು ಮಕ್ಕಳಿಗೆ ಕಾಯಿಲೆ ಬರುತ್ತಿದ್ದ ಕಾರಣಕ್ಕೆ ಅಮೆರಿಕದಲ್ಲಿ 1975ರಲ್ಲೇ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು. ಅಲ್ಲಿನದೇ ಆಮೆ, ಅಲ್ಲಿ ಮಕ್ಕಳ ಕೈಗೆ ಕೊಡಲು ಬಿಡದ ಗಾತ್ರದ್ದು, ಇಲ್ಲಿ ನಮ್ಮ ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಸಿಗುತ್ತಿದೆ.

ಕೊಳ್ಳುವವರಲ್ಲಿ ಇನ್ನೊಂದು ಗುಂಪೂ ಇದೆ. ವಾಸ್ತುಗಾಗಿ ಕೊಳ್ಳುವವರು. ಉತ್ತರ ದಿಕ್ಕಿನಲ್ಲಿ ಆಮೆ ಇದ್ದರೆ ಒಳ್ಳೆಯದಾಗುತ್ತೆ ಅಂತ ಯಾರೋ ಹೇಳಿರುತ್ತಾರೆ. ನಂಬಿಕೆ ಅವರವರದ್ದು. ಆದರೆ ಅದಕ್ಕೆ ಹಿತ್ತಾಳೆ ಆಮೆ ಸಾಲದಾ? ಹಿಂದೆ ಇದಕ್ಕಾಗಿ ನಕ್ಷತ್ರ ಆಮೆಗಳನ್ನು ಕಾಡಿನಿಂದ ಕದ್ದು ತರುತ್ತಿದ್ದರು, ಈಗಲೂ ತರುತ್ತಾರೆ. ಅದು ನಮ್ಮ ನೆಲದ ಆಮೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವಂಥದ್ದು. ಮನೆಯಲ್ಲಿ ಇಟ್ಟುಕೊಂಡರೆ ಕೇಸ್ ಆಗುತ್ತದೆ. ಕೆಂಪುಕಿವಿ ಆಮೆ ಮಾರುವವರು ಇದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. "ಇದು ಫಾರಿನ್ದು ಸಾರ್, ಫಾರೆಸ್ಟ್‌ನವ್ರು ಏನೂ ಅನ್ನಲ್ಲ." ನಮ್ಮ ಆಮೆಗೆ ಕಾನೂನಿನ ಕಾವಲು ಹಾಕಿದ್ದು ಒಳ್ಳೆಯ ಕೆಲಸ. ಆದರೆ ಆ ಬೇಡಿಕೆ ಹೋಗಿ ಹೊರಗಿನ ಆಮೆಯ ಮೇಲೆ ಬಿತ್ತು. ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸ್‌ಗಳ ಒಳಗೆ ಬಟ್ಟೆಯ ಜೊತೆ ತುಂಬಿಸಿ ತಂದ ಇಂಥ ಮರಿಗಳನ್ನು ಕಸ್ಟಮ್ಸ್‌ನವರು ಎಷ್ಟೋ ಸಲ ಹಿಡಿದಿದ್ದಾರೆ. ಪರ್ಮಿಟ್ ಇಲ್ಲದೆ ಹೀಗೆ ಜೀವಂತ ಪ್ರಾಣಿ ತರುವುದು ಅಪರಾಧ. ಆದರೆ ಅದು ಒಮ್ಮೆ ಅಂಗಡಿಯ ಗಾಜಿನ ಪೆಟ್ಟಿಗೆ ಸೇರಿದ ಮೇಲೆ ಎಲ್ಲಿಂದ ಬಂತು ಅಂತ ಕೇಳುವವರು ಯಾರೂ ಇಲ್ಲ.

ಈಗ ಕೊಳಕ್ಕೆ ಬರೋಣ. ನಾನು ವಾಕ್ ಹೋಗುವ ಪಾರ್ಕಿನಲ್ಲಿ ಒಬ್ಬ ಹಿರಿಯರು ಈ ಆಮೆಗಳಿಗೆ ಕಡ್ಲೆಪುರಿ ಹಾಕುತ್ತಾರೆ. ತುಂಬಾ ಮೃದು ಮನಸ್ಸಿನವರು. ಇವು ಇಲ್ಲಿ ಇರಬಾರದು ಅಂಕಲ್ ಅಂತ ನಾನು ಹೇಳಿದಾಗ ಅವರಿಗೆ ಬೇಜಾರಾಯಿತು. "ಬಿಡಮ್ಮಾ, ಅದೂ ಒಂದು ಜೀವ ತಾನೇ? ಯಾವ ದೇಶದ್ದಾದ್ರೆ ಏನು, ನೀರು ಎಲ್ಲಾರಿಗೂ ಒಂದೇ" ಅಂದರು. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ಜೀವ ಅನ್ನೋದರಲ್ಲಿ ನಮ್ಮಿಬ್ಬರಿಗೂ ಒಂದೇ ಅಭಿಪ್ರಾಯ. ಆದರೆ ಆ ಕೊಳದಲ್ಲಿ ಬೇರೆ ಜೀವಗಳೂ ಇವೆ. ಅವು ದಡಕ್ಕೆ ಬಂದು ಪುರಿ ತಿನ್ನುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಬಯಲುಸೀಮೆಯ ಕೆರೆಗಳ ಆಮೆ ಅಂದರೆ ಫ್ಲ್ಯಾಪ್‌ಶೆಲ್ ಆಮೆ. ಮೆತ್ತನೆಯ ಚಿಪ್ಪು, ಉದ್ದ ಕತ್ತು, ಚೂಪು ಮೂತಿ. ಹೊಟ್ಟೆಯ ಕಡೆ ಚರ್ಮದ ಮಡಿಕೆಗಳಿರುತ್ತವೆ, ಹಿಂಗಾಲನ್ನು ಒಳಗೆಳೆದುಕೊಂಡರೆ ಆ ಮಡಿಕೆ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಕಪ್ಪೆ, ಬಸವನಹುಳು, ಮೀನು, ಸತ್ತ ಪ್ರಾಣಿ ಎಲ್ಲವನ್ನೂ ತಿಂದು ಕೆರೆಯನ್ನು ಶುಚಿ ಮಾಡುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರಿನೊಳಗೆ ಹೂತುಕೊಂಡು ಮಳೆಗಾಗಿ ಕಾಯುತ್ತದೆ. ಮಳೆ ಬಂದರೆ ತುಂಬುವ, ಬೇಸಿಗೆಗೆ ಬತ್ತುವ ನಮ್ಮ ಕೆರೆಗಳಿಗೆ ಇದಕ್ಕಿಂತ ಹೊಂದುವ ಪ್ರಾಣಿ ಇಲ್ಲ. ಹುಲಿಗೆ ಇರುವಂತೆ ಇದಕ್ಕೂ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿ, ಜಾಗ ಇದೆ. ಇಷ್ಟಿದ್ದೂ ಇದರ ಮುಖ ಗುರುತಿರುವ ಬೆಂಗಳೂರಿನವರು ಎಷ್ಟು ಜನ ಇದ್ದಾರೆ? ಕೆಂಪುಕಿವಿ ಆಮೆಯ ಫೋಟೋ ಹಾಕಿ "ನಮ್ಮ ಕೆರೆಗೆ ಜೀವ ಬಂದಿದೆ" ಅಂತ ಬರೆಯುವವರೇ ಜಾಸ್ತಿ.

ಕೆಂಪುಕಿವಿ ಆಮೆ ಬೇರೆ ಆಮೆಗಳನ್ನು ಕಚ್ಚಿ ಓಡಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ಮಾಡುವುದು ಅದಕ್ಕಿಂತ ಸಣ್ಣದು, ಆದರೆ ದಿನಾ ಮಾಡುತ್ತದೆ. ಆಮೆಗೆ ಬಿಸಿಲು ಕಾಯುವ ಕಲ್ಲು, ಬಿದ್ದ ಮರದ ದಿಮ್ಮಿ ಊಟದಷ್ಟೇ ಮುಖ್ಯ. ಮೈ ಬೆಚ್ಚಗಾದರೆ ಮಾತ್ರ ತಿಂದದ್ದು ಅರಗುತ್ತದೆ. ಯುರೋಪಿನಲ್ಲಿ ಅಲ್ಲಿನ ಕೊಳದ ಆಮೆಯನ್ನೂ ಇದನ್ನೂ ಒಂದೇ ಕಡೆ ಇಟ್ಟು ನೋಡಿದಾಗ ಒಳ್ಳೆಯ ಬಿಸಿಲು ಜಾಗಗಳನ್ನೆಲ್ಲ ಇದೇ ಹಿಡಿದುಕೊಂಡಿತ್ತು. ಅಲ್ಲಿನ ಆಮೆ ಹಿಂದೆ ಸರಿಯಿತು, ತೂಕ ಕಳೆದುಕೊಂಡಿತು, ಜಾಸ್ತಿ ಸತ್ತಿತು. ಜೊತೆಗೆ ಇದು ಏನನ್ನಾದರೂ ತಿನ್ನುತ್ತದೆ. ಮರಿಯಿದ್ದಾಗ ಹುಳ, ಗೊದಮೊಟ್ಟೆ, ಸಣ್ಣ ಮೀನು. ದೊಡ್ಡದಾದ ಮೇಲೆ ನೀರಿನ ಗಿಡಗಳೂ ಬೇಕು. ಕೊಳಚೆ ನೀರನ್ನು ತಡೆದುಕೊಳ್ಳುತ್ತದೆ. ಹೆಣ್ಣು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡಬಲ್ಲದು. ಮಣ್ಣಿನ ಬಿಸಿ ಹೆಚ್ಚಿದ್ದರೆ ಆ ಮೊಟ್ಟೆಗಳಿಂದ ಹೆಣ್ಣುಮರಿಗಳೇ ಬರುತ್ತವೆ. ಅದರ ತವರಿನ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟುತ್ತದೆ, ಆಮೆ ತಿಂಗಳುಗಟ್ಟಲೆ ತಳದಲ್ಲಿ ಸುಮ್ಮನೆ ಬಿದ್ದಿರಬೇಕು. ಬೆಂಗಳೂರಿನ ಹವೆಯಲ್ಲಿ ಆ ಕಷ್ಟವೂ ಇಲ್ಲ.

ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯೊಂದು ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಹೆಸರಿನಲ್ಲಿದೆ. ಅದರಲ್ಲಿ ಈ ಆಮೆಯ ಹೆಸರೂ ಇದೆ. ನಮ್ಮ ದೇಶದಲ್ಲಿ ಕೇರಳದ ತ್ರಿಶೂರಿನ ಕಾಲುವೆಯಲ್ಲಿ ಸಿಕ್ಕಿದೆ. 2020ರಲ್ಲಿ ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ ಕಂಡಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಯಾಕೆಂದರೆ ಅಸ್ಸಾಂನ ದೇವಸ್ಥಾನದ ಕೊಳಗಳು ಸಾಮಾನ್ಯ ಕೊಳಗಳಲ್ಲ. ಅಲ್ಲಿನ ಕಪ್ಪು ಮೆದುಚಿಪ್ಪಿನ ಆಮೆ ಕಾಡಿನಲ್ಲಿ ಅಳಿದೇಹೋಗಿದೆ ಅಂತ 2002ರಲ್ಲಿ ಘೋಷಿಸಿದ್ದರು. ಆಗ ಅದನ್ನು ಉಳಿಸಿಕೊಂಡಿದ್ದು ಭಕ್ತರು ಪೂಜ್ಯ ಭಾವದಿಂದ ನೋಡಿಕೊಂಡು ಬಂದ ದೇವಸ್ಥಾನದ ಕೊಳಗಳು. ಜನರ ಭಕ್ತಿಯೇ ಒಂದು ಆಮೆಯ ಕುಲವನ್ನು ಕಾಪಾಡಿತ್ತು. ಅದೇ ಭಕ್ತಿಯಿಂದ ಯಾರೋ ಅಂಗಡಿಯ ಆಮೆಯನ್ನು ತಂದು ಅಂಥ ಕೊಳಕ್ಕೆ ಬಿಟ್ಟರೆ ಏನಾಗಬಹುದು ಅಂತ ಯೋಚಿಸಿ.

ಬೆಂಗಳೂರಿನಲ್ಲೇ ಹೊರಗಿನದು ಎಷ್ಟಿಲ್ಲ, ಆಮೆಯನ್ನೇ ಯಾಕೆ ಹಿಡಿದುಕೊಂಡಿದ್ದೀರಿ ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಗುಲ್‌ಮೊಹರ್ ಮಡಗಾಸ್ಕರ್‌ನದು. ಜಕರಂಡ, ಟಬೆಬೂಯಾ, ಮಳೆಮರ ಇವೆಲ್ಲ ಅಮೆರಿಕ ಖಂಡಗಳಿಂದ ಬಂದವು. ಲಾಲ್‌ಬಾಗ್ ಬೆಳೆದದ್ದೇ ದೇಶವಿದೇಶದ ಗಿಡಗಳಿಂದ. ಈ ಮರಗಳ ನೆರಳಿನಲ್ಲೇ ನಾವೆಲ್ಲ ದೊಡ್ಡವರಾದದ್ದು, ಅವನ್ನು ಕಡಿಯಿರಿ ಅಂತ ಯಾರೂ ಹೇಳುವುದಿಲ್ಲ. ಆದರೆ ಆ ಮರಗಳನ್ನು ಜಾಗ ನೋಡಿ ನೆಟ್ಟರು. ರಸ್ತೆ ಬದಿಯ ಜಕರಂಡ ಆ ರಸ್ತೆ ಬದಿಯಲ್ಲೇ ಇರುತ್ತದೆ. ಹೊರಗಿನಿಂದ ಬಂದದ್ದೇ ತಪ್ಪು ಅನ್ನೋದು ನನ್ನ ವಾದ ಅಲ್ಲ. ಬಂದದ್ದು ಕೈಮೀರಿ ಹರಡಿ ಬೇರೆಯವರ ಜಾಗ ತಿನ್ನುತ್ತದಾ ಅನ್ನೋದಷ್ಟೇ ಪ್ರಶ್ನೆ. ಲಂಟಾನ ಅಲಂಕಾರದ ಗಿಡವಾಗಿ ಬಂತು. ಈಗ ಬಂಡೀಪುರದಲ್ಲಿ ಜಿಂಕೆಗೆ ಬೇಕಾದ ಹುಲ್ಲಿನ ಜಾಗವನ್ನು ಅದು ಹಿಡಿದಿದೆ. ವಾಟರ್ ಹಯಾಸಿಂತ್ ಚೆಂದದ ನೇರಳೆ ಹೂವಿಗಾಗಿ ಬಂತು. ಅದನ್ನು ತೆಗೆಸಲು ನಮ್ಮ ಕೆರೆಗಳಿಗೆ ಪ್ರತಿ ವರ್ಷ ಎಷ್ಟು ದುಡ್ಡು ಸುರಿಯುತ್ತೇವೆ ನೋಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ನಿಷೇಧಿಸಿದ್ದಾರೆ, ಆದರೂ ಕೆರೆಗಳಲ್ಲಿ ಅದು ಸಿಗುತ್ತಲೇ ಇದೆ. ಇವೆಲ್ಲ ಒಂದು ಕಾಲದಲ್ಲಿ ನಾಲ್ಕೈದೇ ಇದ್ದವು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಪಾರ್ಕಿನ ಸಣ್ಣ ಕೊಳದಲ್ಲಿ ಇದ್ದರೆ ಇರಲಿ, ಅಲ್ಲೇ ತಾನೇ ಇರುತ್ತೆ ಅಂತ ಅನ್ನಿಸಬಹುದು. ಇರುವುದಿಲ್ಲ. ಆಮೆಗೆ ನಡೆಯಲು ಬರುತ್ತದೆ. ಮೇಲಾಗಿ ಬೆಂಗಳೂರಿನ ನೀರು ಎಲ್ಲೂ ನಿಂತಿರುವ ನೀರಲ್ಲ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಹೋಗುವ ಹಾಗೆ ಹಿರಿಯರು ಕಟ್ಟಿದ ಊರು ಇದು. ಬೆಳ್ಳಂದೂರು, ವರ್ತೂರು ದಾಟಿದ ನೀರು ದಕ್ಷಿಣ ಪಿನಾಕಿನಿ ಸೇರುತ್ತದೆ. ವೃಷಭಾವತಿಯ ನೀರು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಕೆರೆ, ರಸ್ತೆ, ಲೇಔಟ್ ಎಲ್ಲ ಒಂದಾಗಿದ್ದನ್ನು ನಾವೇ ನೋಡಿದ್ದೇವೆ. ಅಂಥ ಒಂದು ರಾತ್ರಿ ಸಾಕು, ಪಾರ್ಕಿನ ಆಮೆ ಊರಾಚೆ ಹೋಗಲು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಆಮೆಗಳ ಕಷ್ಟಕ್ಕೆಲ್ಲ ಈ ಹೊರಗಿನ ಆಮೆಯೇ ಕಾರಣ ಅಂದರೆ ಅದು ಅನ್ಯಾಯ. ಕೆರೆ ಅಭಿವೃದ್ಧಿ ಅಂತ ಹೇಳಿ ಎಷ್ಟೋ ಕೆರೆಗಳನ್ನು ಬಾಂಡ್ಲಿ ಮಾಡಿಟ್ಟಿದ್ದೇವೆ. ಸುತ್ತಲೂ ಕಲ್ಲು ಕಟ್ಟಿದ ಏರಿ, ಅದರ ಮೇಲೆ ವಾಕಿಂಗ್ ಪಾತ್, ನಡುವೆ ಆಳದ ನೀರು. ಮೊಟ್ಟೆ ಇಡಲು ಮೆತ್ತನೆ ಮಣ್ಣಿನ ದಡ ಇಲ್ಲ, ಅವಿತುಕೊಳ್ಳಲು ಜೊಂಡು ಇಲ್ಲ. ಬೇಸಿಗೆಯಲ್ಲಿ ನೀರು ಖಾಲಿ ಮಾಡಿ ಜೆಸಿಬಿ ಇಳಿಸಿ ಹೂಳು ಎತ್ತುತ್ತಾರೆ. ಫ್ಲ್ಯಾಪ್‌ಶೆಲ್ ಆಮೆ ಕೆಸರಿನಲ್ಲಿ ಹೂತು ಮಲಗುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ಹೂಳಿನ ಜೊತೆ ಅದೂ ಟಿಪ್ಪರ್ ಲಾರಿ ಹತ್ತುತ್ತದೆ. ಹೂಳೆತ್ತುವ ಮೊದಲು ತಿಳಿದವರನ್ನು ಕರೆಸಿ ಆಮೆಗಳನ್ನು ಹುಡುಕಿಸುವುದು ದೊಡ್ಡ ಖರ್ಚಿನ ಕೆಲಸ ಏನಲ್ಲ. ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಆಗುತ್ತದೆ. ಈಗಾಗಲೇ ಇಷ್ಟು ಸೋತಿರುವ ಪ್ರಾಣಿಯ ಮೇಲೆ ಇನ್ನೊಂದು ಭಾರ ಹೇರಬೇಡಿ ಅನ್ನೋದು ನನ್ನ ಕೋರಿಕೆ.

ಹಾಗಾದರೆ ಏನು ಮಾಡಬೇಕು? ನಿಷೇಧ ಮಾಡಿ ಅನ್ನುವುದು ಸುಲಭ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ಮಾರಾಟ, ಸಾಕಣೆ ಎಲ್ಲವನ್ನೂ ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರ ಪಡೆದುಕೊಂಡಿದೆ. ಮಾರಾಟ ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆ ದೇಶಗಳ ಅನುಭವ ನೋಡಿ. ಯುರೋಪ್ 1997ರಲ್ಲಿ ಕೆಂಪುಕಿವಿ ಆಮೆಯ ಆಮದು ನಿಲ್ಲಿಸಿತು. ವ್ಯಾಪಾರಿಗಳು ಅದರ ಅಣ್ಣತಮ್ಮಂದಿರಾದ ಹಳದಿ ಹೊಟ್ಟೆಯ ಸ್ಲೈಡರ್ ತರತೊಡಗಿದರು. ಕೊಳಗಳಲ್ಲಿ ಅವೂ ಸೇರಿಕೊಂಡವು. ಕೊನೆಗೆ 2016ರಲ್ಲಿ ಇಡೀ ಜಾತಿಯನ್ನೇ ನಿಷೇಧದ ಪಟ್ಟಿಗೆ ಸೇರಿಸಬೇಕಾಯಿತು. ಜಪಾನ್ 2023ರ ಜೂನ್‌ನಲ್ಲಿ ಮಾಡಿದ್ದು ನನಗೆ ಹೆಚ್ಚು ಇಷ್ಟ. ಮಾರುವಂತಿಲ್ಲ, ಕೆರೆಗೆ ಬಿಡುವಂತಿಲ್ಲ. ಆದರೆ ಮನೆಯಲ್ಲಿ ಈಗಾಗಲೇ ಇರುವುದನ್ನು ಕೊನೆತನಕ ಸಾಕಿಕೊಳ್ಳಬಹುದು, ಅದಕ್ಕೆ ಪರ್ಮಿಟ್ ಬೇಡ. ಯಾಕೆ ಹೀಗೆ? ಇಟ್ಟುಕೊಳ್ಳುವುದೇ ಅಪರಾಧ ಅಂದರೆ ಹೆದರಿದ ಜನ ರಾತ್ರೋರಾತ್ರಿ ಎಲ್ಲವನ್ನೂ ಕೆರೆಗೆ ಸುರಿಯುತ್ತಾರೆ ಅನ್ನೋ ಆತಂಕ ಅಲ್ಲಿತ್ತು. ಬೆಂಗಳೂರಿನಲ್ಲೂ ಆಗುವುದು ಅದೇ.

ಅದಕ್ಕೇ ನಾನು ವಾಪಸ್ ತಗೊಳ್ಳುವ ಜಾಗದ ಬಗ್ಗೆ ಇಷ್ಟು ಹಟ ಹಿಡಿದಿರುವುದು. ಕೇರಳದಲ್ಲಿ ಅರಣ್ಯ ಸಂಶೋಧನಾ ಸಂಸ್ಥೆಯವರು ಈ ಆಮೆಗಳನ್ನು ನೀರಿಗೆ ಬಿಡಬೇಡಿ, ನಮಗೆ ತಂದು ಕೊಡಿ ಅಂತ ಜನರನ್ನು ಕೇಳಿಕೊಂಡರು. ನಮ್ಮಲ್ಲಿ ಇಂಥ ಒಂದು ಕರೆ ಬರಬೇಕು. ಈಗ ಇಲ್ಲಿ ಏನಾಗುತ್ತದೆ? ಪಾರ್ಕು, ಕೆರೆ ಪಾಲಿಕೆಯದ್ದು. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯದ್ದು. ಪ್ರಾಣಿ ಅಂದರೆ ಅರಣ್ಯ ಇಲಾಖೆ. ಹೊರಗಿನ ಪ್ರಾಣಿ ಅಂದರೆ ನಮ್ಮದಲ್ಲ. ಫೋನ್ ಮಾಡಿದವರನ್ನು ಒಬ್ಬರು ಇನ್ನೊಬ್ಬರ ಕಡೆ ಕಳಿಸುತ್ತಾರೆ. ಗಾಯಗೊಂಡ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಸಂಸ್ಥೆಗಳ ಕೈ ಈಗಾಗಲೇ ತುಂಬಿದೆ. ಹದ್ದು, ಗೂಬೆ, ಹಾವಿಗೆ ಇರುವ ಜಾಗದಲ್ಲಿ ಮೂವತ್ತು ವರ್ಷ ಬದುಕುವ ಸಾಕುಪ್ರಾಣಿಯನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ. ಅಷ್ಟೆಲ್ಲ ಅಲೆದ ಮೇಲೆ ಜನ ಪಾರ್ಕಿನ ಕೊಳದ ದಾರಿ ಹಿಡಿಯುತ್ತಾರೆ.

ಕೊಂದುಬಿಡಿ ಅನ್ನುವವರೂ ಇದ್ದಾರೆ. ಕೆಲವು ದೇಶಗಳಲ್ಲಿ ಹಾಗೆ ಮಾಡುತ್ತಾರೆ. ನನ್ನಿಂದ ಅದನ್ನು ಒಪ್ಪಲು ಆಗುವುದಿಲ್ಲ. ಆ ಆಮೆ ಯಾವ ತಪ್ಪೂ ಮಾಡಿಲ್ಲ. ಹಿಡಿದು ಒಂದು ಮುಚ್ಚಿದ ಕೊಳದಲ್ಲಿ ಇಡಬಹುದು. ಸುತ್ತ ಹತ್ತಿ ದಾಟಲಾಗದ ಗೋಡೆ, ಯಾವ ಕಾಲುವೆಗೂ ಸಂಪರ್ಕ ಇಲ್ಲದ ನೀರು, ಬಿಸಿಲು ಕಾಯಲು ದಿಮ್ಮಿಗಳು. ಗಂಡು ಹೆಣ್ಣು ಬೇರೆ ಬೇರೆ ಕಡೆ. ಗಂಡಿನ ಮುಂಗಾಲಿನ ಉಗುರು ಉದ್ದ, ಗುರುತಿಸುವುದು ಕಷ್ಟವಲ್ಲ. ಇಟ್ಟ ಮೊಟ್ಟೆಗಳನ್ನು ತೆಗೆಯುತ್ತಾ ಬಂದರೆ ಸಂಖ್ಯೆ ಬೆಳೆಯುವುದಿಲ್ಲ. ಅವು ತಮ್ಮ ಆಯಸ್ಸು ಮುಗಿಸಿ ಹೋಗಲಿ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ನಾಣ್ಯದಷ್ಟಿದ್ದದ್ದು ಇಷ್ಟಾಗುತ್ತೆ ಅಂತ ತೋರಿಸಲಿ.

ಮನೆಯಲ್ಲಿ ಈಗಾಗಲೇ ಇದು ಇರುವವರಿಗೆ ಎರಡು ಮಾತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅಂಗಡಿಯವರು ನಿಮಗೆ ಸುಳ್ಳು ಹೇಳಿದ್ದರು. ದಯವಿಟ್ಟು ಕೆರೆ, ಕಲ್ಯಾಣಿ, ಪಾರ್ಕು ಎಲ್ಲಿಗೂ ಬಿಡಬೇಡಿ. ದೊಡ್ಡ ಟಬ್ ತನ್ನಿ, ದಿನಾ ಒಂದಷ್ಟು ಹೊತ್ತು ಟೆರೇಸಿನ ನೇರ ಬಿಸಿಲಿಗೆ ಇಡಿ, ಹತ್ತಿ ಕೂರಲು ಕಲ್ಲು, ಪಕ್ಕದಲ್ಲಿ ನೆರಳು ಎರಡೂ ಇರಲಿ. ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್ ಕೊಡಿ. ಬ್ರೆಡ್ಡು, ಬಿಸ್ಕೆಟ್ಟು ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅಡುಗೆಮನೆ ಸಿಂಕಿನಲ್ಲಿ ಟಬ್ ತೊಳೆಯಬೇಡಿ. ಸಾಕಲು ಆಗಲ್ಲ ಅಂದರೆ ಆಗುವವರನ್ನು ಹುಡುಕೋಣ, ನನಗೆ ಮೆಸೇಜ್ ಮಾಡಿ.

ನಮ್ಮ ಪಾರ್ಕಿನಲ್ಲಿ ವಾಕ್ ಮಾಡುವವರೆಲ್ಲ ಸೇರಿ ಅರಣ್ಯ ಇಲಾಖೆಗೆ ಒಂದು ಪತ್ರ ಬರೆದಿದ್ದೇವೆ. ಕೆಂಪುಕಿವಿ ಆಮೆಗಳನ್ನು ಯಾವ ಪ್ರಶ್ನೆಯೂ ಕೇಳದೆ ವಾಪಸ್ ತಗೊಳ್ಳುವ ಒಂದು ಜಾಗ ಮಾಡಿ, ಅದರ ಫೋನ್ ನಂಬರನ್ನು ಪ್ರತಿ ಪಾರ್ಕು, ಪ್ರತಿ ಅಕ್ವೇರಿಯಂ ಅಂಗಡಿಯ ಮುಂದೆ ಕನ್ನಡದಲ್ಲಿ ಹಾಕಿಸಿ ಅಂತ. ಹೂಳೆತ್ತುವ ಮೊದಲು ಆಮೆ ಹುಡುಕಿಸಿ ಅಂತ ಪಾಲಿಕೆಗೆ ಇನ್ನೊಂದು ಪತ್ರ. ಕಡ್ಲೆಪುರಿ ಹಾಕುವ ಹಿರಿಯರೂ ಎರಡಕ್ಕೂ ಸಹಿ ಹಾಕಿದ್ದಾರೆ. ಮುಚ್ಚಿದ ಕೊಳ ಆದರೆ ಅಲ್ಲಿಗೆ ಬಂದು ನೋಡಲು ಬಿಡಬೇಕು ಅನ್ನೋದು ಅವರ ಷರತ್ತು, ಅದನ್ನೂ ಪತ್ರದಲ್ಲಿ ಸೇರಿಸಿದ್ದೇವೆ. ನಿಮ್ಮ ಬಡಾವಣೆಯ ಪಾರ್ಕಿನಲ್ಲೂ ಇವು ಇದ್ದರೆ ಹೇಳಿ, ಪತ್ರದ ನಕಲು ಕಳಿಸುತ್ತೇನೆ. ನಿಮ್ಮ ಪಾರ್ಕಿನ ಹೆಸರು ಹಾಕಿ, ಕಂಡ ಆಮೆಯ ಫೋಟೋ ಒಂದು ಜೊತೆಗಿಟ್ಟು ಕಳಿಸಿಕೊಡಿ.